ಹಗೇವಿಗೆ ಇಳಿಸಿದ ಮೊಬೈಲು

ಕಣ್ಣು ಮುಚ್ಚಿದರೆ ಸಾಕು, ಹಗೇವಿನ ತಳದಲ್ಲಿ ಆ ಮೊಬೈಲು ಈಗಲೂ ಬೆಳಗುತ್ತಿರುತ್ತದೆ. ಅದರ ಪಕ್ಕದಲ್ಲಿ, ರಾಗಿಯ ಮೇಲೆ, ಒಬ್ಬ ಮನುಷ್ಯ ಬೋರಲು ಬಿದ್ದಿರುತ್ತಾನೆ.

ಚಳ್ಳಕೆರೆಯಲ್ಲಿದ್ದುಕೊಂಡು ಒಂದು ದಿನಪತ್ರಿಕೆಯ ವಿಜ್ಞಾನ ಪುಟಕ್ಕೆ ಬರೆಯುತ್ತಿದ್ದೆ. ರಸಾಯನಶಾಸ್ತ್ರ ಓದಿದವಳು. ಶೇಂಗಾಕ್ಕೆ ಹಿಡಿಯುವ ಬೂಷ್ಟು, ಕುರಿಗಳ ನೀಲಿ ನಾಲಿಗೆ ರೋಗ, ಕಾವಲಿನ ಹುಲ್ಲು, ಹೀಗೆ ಹೋಗಿ ನೋಡಿ ಬಂದದ್ದನ್ನು ಬರೆಯುವುದು ನನ್ನ ಕೆಲಸ. ದೇವಸಮುದ್ರದ ಒಂದು ಮನೆಯಲ್ಲಿ ಹಳೆಯ ಹಗೇವು ತೆಗೆಯುತ್ತಾರೆಂದು ತಿಳಿದು, ಬರುತ್ತೇನೆಂದು ಹೇಳಿಯೂ ಆಗಿತ್ತು. ನೆಲದೊಳಗಿನ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಹೊರಡುವ ಹೊತ್ತಿಗೆ ಸಂಪಾದಕರ ಫೋನು ಬಂತು.

"ಇನ್ಮೇಲೆ ಆ ಪುಟಾನ ಕಂಪ್ಯೂಟರೇ ಬರೆದುಕೊಡುತ್ತೆ. ನೀವು ಮನೇಲಿ ಕೂತು ಒಂದ್ಸಲ ಕಣ್ಣಾಡಿಸಿದ್ರೆ ಸಾಕು. ಹಗೇವಿನ ಲೇಖನ ಆಗಲೇ ರೆಡಿ, ವೆಬ್‌ಸೈಟಿಗೂ ಹಾಕಿದ್ದೀವಿ. ನೀವು ಓಡಾಡೋ ಅಗತ್ಯ ಇಲ್ಲ."

ಆದರೂ ಬಸ್ಸು ಹತ್ತಿದೆ. ದಾರಿಯಲ್ಲಿ ಆ ಲೇಖನ ಓದಿದೆ. ಭಾಷೆ ನನ್ನದಕ್ಕಿಂತ ನಯವಾಗಿತ್ತು. ಇಳಿಯುವ ಮೊದಲು ದೀಪ ಬಿಟ್ಟು ನೋಡಬೇಕು ಎಂದೂ ಇತ್ತು, ಯಾಕೆಂದು ಮಾತ್ರ ಇರಲಿಲ್ಲ. ಜೊತೆಗಿದ್ದ ಚಿತ್ರವೂ ಯಂತ್ರದ್ದೇ. ಪೇಟ ಸುತ್ತಿದ ರೈತನೊಬ್ಬ ಟಾರ್ಚ್ ಹೊತ್ತಿಸಿದ ಮೊಬೈಲನ್ನು ಹಗ್ಗಕ್ಕೆ ಕಟ್ಟಿ ಹಗೇವಿಗೆ ಇಳಿಸುತ್ತಿದ್ದ. ಆ ಚಿತ್ರ ತಕ್ಷಣ ತೆಗೆಯಿರಿ ಎಂದು ಸಂಪಾದಕರಿಗೆ ಮೆಸೇಜು ಕಳಿಸಿದೆ. ಉತ್ತರ ಬರಲಿಲ್ಲ.

ಅಂಗಳದಲ್ಲಿ ಹಗೇವಿನ ಬಾಯಿಗೆ ಮುಚ್ಚಿದ್ದ ಚಪ್ಪಡಿ ಆಗಲೇ ಸರಿಸಿದ್ದರು. ಮನೆಯ ಯಜಮಾನ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತಿದ್ದ. ಹಗ್ಗದ ತುದಿ ಅವನ ತಮ್ಮನ ಮತ್ತು ಪಕ್ಕದ ಮನೆಯವನ ಕೈಯಲ್ಲಿತ್ತು. ಯಜಮಾನನ ತಾಯಿ ಜಗಲಿಯ ಮೇಲೆ ಕೂತಿದ್ದರು.

"ಬರ್ರಿ ಮೇಡಂ. ನಿಮ್ಮ ಪೇಪರ್‌ನೋರು ನಿಮಗಿಂತ ಮೊದ್ಲೇ ಬಂದು ಹೋಗ್ಯಾರೆ," ಎಂದು ನಗುತ್ತಾ ಯಜಮಾನ ಹಳ್ಳಿಯ ಗ್ರೂಪಿಗೆ ಬಂದಿದ್ದ ಅದೇ ಚಿತ್ರವನ್ನು ತನ್ನ ಮೊಬೈಲಿನಲ್ಲಿ ತೋರಿಸಿದ. ನಂತರ ಟಾರ್ಚ್ ಹೊತ್ತಿಸಿ ಅದೇ ಮೊಬೈಲನ್ನು ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟ.

"ಅದು ಬೇಡಿ, ದೀಪ ಇಳಿಸಿ," ಎಂದೆ. "ಒಳಗೆ ಗಾಳಿ ಕೆಟ್ಟಿದ್ರೆ ದೀಪ ಆರುತ್ತೆ, ಗೊತ್ತಾಗುತ್ತೆ. ಮೊಬೈಲು ಉರಿಯೋಕೆ ಗಾಳಿ ಬೇಕಿಲ್ಲ."

"ನೋಡ್ಲೇ, ಪೇಪರ್‌ನಾಗೆ ಒಂದ್ ಹಾಕ್ತಾರೆ, ಪೇಪರ್‌ನೋರು ಬಂದು ಇನ್ನೊಂದ್ ಹೇಳ್ತಾರೆ. ಯಾವ್ದನ್ನ ನಂಬಾದು?" ಎಂದು ಯಜಮಾನ ತಮ್ಮನ ಕಡೆ ತಿರುಗಿದ.

"ಮೇಡಂಗೆ ಭಯ ಕಣಣ್ಣ," ಎಂದ ತಮ್ಮ. "ನೀನೇನ್ ಹೊಸದಾಗಿ ಇಳೀತಿದ್ದೀಯಾ?"

ನನ್ನ ಮುಖ ನೋಡಿ ಯಜಮಾನನ ಹೆಂಡತಿ ದೀಪ ತರಲು ಒಳಗೆ ಹೋದಳು. ಅವಳು ಬರುವಷ್ಟರಲ್ಲಿ ಅವನು ಇಳಿದಾಗಿತ್ತು.

"ಸೂಜಿ ಬಿದ್ರೂ ಕಾಣ್ತೈತೆ. ರಾಗಿ ಹಂಗೇ ಐತ್ರಿ. ಲೇ, ಬುಟ್ಟಿ..."

ಮಾತು ಅಲ್ಲಿಗೇ ನಿಂತಿತು. ಬಗ್ಗಿ ನೋಡಿದರೆ ಅವನು ಬೋರಲು ಬಿದ್ದಿದ್ದ, ಪಕ್ಕದಲ್ಲಿ ಮೊಬೈಲು ಹಾಗೇ ಬೆಳಗುತ್ತಿತ್ತು. ತಮ್ಮ ಹಗ್ಗವನ್ನು ಪಕ್ಕದವನ ಕೈಗೆ ಕೊಟ್ಟು ತಾನೂ ಧುಮುಕಲು ಹೋದ. ಅವನ ತೋಳು ಹಿಡಿದು ಜಗ್ಗಿದೆ. "ನೀವೂ ಬೀಳ್ತೀರಿ, ಹಗ್ಗ ಎಳೀರಿ!" ಅಲ್ಲಿಯವರೆಗೆ ಕನ್ನಡದಲ್ಲಿ ಮಾತಾಡುತ್ತಿದ್ದ ಅವನ ತಾಯಿಗೆ ಗಾಬರಿಯಲ್ಲಿ ತವರಿನ ತೆಲುಗೇ ಬಂತು. "ಲಾಗಂಡ್ರಾ, ಲಾಗಂಡಿ," ಎಳೆಯಿರಿ ಎನ್ನುತ್ತಾ ತಾವೂ ಬಂದು ಹಗ್ಗಕ್ಕೆ ಕೈ ಹಾಕಿದರು. ಯಜಮಾನನ ಭುಜ ಹಗೇವಿನ ಕಿರಿದಾದ ಬಾಯಿಗೆ ಸಿಕ್ಕಿಕೊಂಡಿತು. ಮತ್ತೆ ಸ್ವಲ್ಪ ಇಳಿಬಿಟ್ಟು, ತಿರುಗಿಸಿ ಎಳೆಯಬೇಕಾಯಿತು. ಆ ಇಳಿಬಿಟ್ಟ ಗಳಿಗೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಹಚ್ಚಿದ ದೀಪ ಹಿಡಿದು ಅವನ ಹೆಂಡತಿ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು.

ಅವನು ಬದುಕಿದ. ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಮೊಳಕಾಲ್ಮೂರಿನ ಆಸ್ಪತ್ರೆಗೆ ಹೋದೆವು. ಆಮ್ಲಜನಕ ಕೊಟ್ಟ ಮೇಲೆ ಕಣ್ಣು ಬಿಟ್ಟ.

ಸಂಜೆ ಸಂಪಾದಕರೇ ಫೋನು ಮಾಡಿದರು. "ಚಿತ್ರ ತೆಗೆಸಿದ್ದೀನಿ. ನಡೆದದ್ದನ್ನ ಬರೆದು ಕಳಿಸಿ. ಕಂಪ್ಯೂಟರಿಗೆ ಕೊಟ್ರೆ ಮುಂದಿನ ಸಲ ಸರಿಯಾಗಿ ಬರೆಯುತ್ತೆ."

"ಮುಂದಿನ ಸಲ ಹೋಗಿ ನೋಡೋರು ಯಾರು ಸರ್?"

"ನನ್ನ ಕುರ್ಚಿಯೂ ಎಷ್ಟು ದಿನವೋ, ನನ್ನನ್ನೇನು ಕೇಳ್ತೀರಿ," ಎಂದರು.

ಕಣ್ಣಾಡಿಸುವ ಕೆಲಸ ನನ್ನಿಂದ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಹೋಗಿ ನೋಡಿ ಬರೆಯುವ ಈ ವಿದ್ಯೆ ಇನ್ನು ಯಾರಿಗೆ ಬೇಕಾದೀತು, ನನಗೆ ತಿಳಿಯದು. ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ.

ನಿನ್ನೆ ಅದೇ ಚಿತ್ರ ಬೇರೊಂದು ಗ್ರೂಪಿನಲ್ಲಿ ಕಂಡಿತು. ಪತ್ರಿಕೆಯ ಹೆಸರನ್ನು ಯಾರೋ ಕತ್ತರಿಸಿದ್ದರು. ಪರಶುರಾಂಪುರದ ಕಡೆಯವರೊಬ್ಬರು ಕೆಳಗೆ ಕೇಳಿದ್ದರು: "ನಮ್ಮ ಹಗೇವು ನಾಳೆ ತೆಗೀತೀವಿ. ಮೊಬೈಲ್ ಬಿಟ್ರೆ ಸಾಕಾ?" ಸಾಕು, ಸಾಕು ಎಂದು ಉತ್ತರಗಳು ಬಂದಿದ್ದವು. ಸಾಲದು ಎಂದು ನಾನು ಬರೆದದ್ದು ಅವುಗಳ ನಡುವೆ ಮೇಲೆ ಸರಿದುಹೋಯಿತು. ನಂಬರು ಹಿಡಿದು ಫೋನು ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು ಆ ಮನುಷ್ಯ ಕೇಳಿದ:

"ತಾವು ಯಾವ ಪೇಪರ್‌ನೋರ್ರಿ?"

"ಈಗ ಯಾವುದೂ ಇಲ್ಲ. ಆದ್ರೆ ನಾನು ಬರೋ ತನಕ ಯಾರೂ ಇಳೀಬೇಡಿ."

"ಆತು, ಬರ್ರಿ ನೋಡಾಣ," ಎಂದು ಇಟ್ಟುಬಿಟ್ಟ.

ಬೆಳಿಗ್ಗೆಯೇ ಬಂದು ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಕೂತಿದ್ದೇನೆ. ಚೀಲದಲ್ಲಿ ಒಂದು ಲಾಂದ್ರವಿದೆ. ಪರಶುರಾಂಪುರದ ಬಸ್ಸು ಇನ್ನೂ ಬಂದಿಲ್ಲ, ಅವನು ಫೋನು ಎತ್ತುತ್ತಿಲ್ಲ.