ಮುನಿಯಮ್ಮ ಮ್ಯೂಸಿಯಂ ಒಳಗೆ ಬಂದ ಭಾನುವಾರ

ಇವತ್ತು ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ, ತೇವದ ಹತ್ತಿಬಟ್ಟೆ ಬಿಸಿಯಾಗುವ ವಾಸನೆ ಬಂತು ನೋಡಿ, ಕೈ ತಾನಾಗಿ ನಿಂತಿತು. ನಿಮಗೂ ಆ ವಾಸನೆ ಗೊತ್ತಿರುತ್ತದೆ. ನನಗೆ ಮಾತ್ರ ಅದರ ಹಿಂದೆಯೇ ಮುನಿಯಮ್ಮ ಬರುತ್ತಾರೆ.

ಆಗ ನಾನು ಜಯನಗರದ ಒಂದು ಸಣ್ಣ ವಿಜ್ಞಾನ ಮ್ಯೂಸಿಯಂನಲ್ಲಿ, ಬಂದವರಿಗೆ ವಿವರಣೆ ಕೊಡುವ ಕೆಲಸದಲ್ಲಿದ್ದೆ. ಸುತ್ತಲಿನ ಬಡಕುಟುಂಬಗಳೂ ಬರಲಿ, ಭಾನುವಾರ ಪ್ರವೇಶ ಉಚಿತ ಮಾಡೋಣ ಎಂದು ಸಲಹೆ ಕೊಟ್ಟವನೇ ನಾನು. ಬೋರ್ಡನ್ನೂ ಬರೆಸಿದೆ, ಇಂಗ್ಲಿಷಿನಲ್ಲಿ! ಬಂದವರೆಲ್ಲ ಕಾರಿನವರು. "ಈ ಜನಕ್ಕೆ ಆಸಕ್ತಿಯೇ ಇಲ್ಲ" ಎಂದು ನಿಟ್ಟುಸಿರಿಟ್ಟು, ಒಂದು ಕಾಫಿ ಕುಡಿದು ಸಮಾಧಾನ ಮಾಡಿಕೊಂಡೆ.

ಗೇಟಿನೆದುರು ಹೊಂಗೆಮರದ ಕೆಳಗೆ ಮುನಿಯಮ್ಮನ ಇಸ್ತ್ರಿ ಗಾಡಿ. ನನ್ನ ಯಾವ ಅಂಗಿಯ ಯಾವ ಗುಂಡಿ ಸಡಿಲ ಎಂಬುದು ಅವರಿಗೆ ಗೊತ್ತು. ಅವರ ಮೊಮ್ಮಗಳ ಹೆಸರೂ ನನಗೆ ಗೊತ್ತಿರಲಿಲ್ಲ. ಒಂದು ದಿನ ಕೇಳಿದೆ: "ಏನಮ್ಮಾ, ಇಷ್ಟು ಹತ್ರ ಇದ್ದೂ ಒಂದ್ಸಲಾನೂ ಒಳಗೆ ಬರ್ಲಿಲ್ವಲ್ಲ?"

"ನಮ್ ಚೈತ್ರ ಹೋಗಿದ್ಲು ಸಾರ್. ಬಾಗ್ಲಲ್ಲಿ 'ಯಾರು ಬೇಕು?' ಅಂದ್ರಂತೆ. ಮಗು ಏನಂತ ಹೇಳುತ್ತೆ? ವಾಪಸ್ ಬಂದ್ಬಿಟ್ಲು."

ಅವರು ಇಸ್ತ್ರಿ ನಿಲ್ಲಿಸದೆಯೇ ಹೇಳಿದರು.

ಮುಂದಿನ ಭಾನುವಾರ ನಾನೇ ಹೋಗಿ ಇಬ್ಬರನ್ನೂ ಕರೆತಂದೆ. ಮುನಿಯಮ್ಮ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದರು. ಗಾಜಿನ ಬಾಗಿಲ ಹೊರಗೆ ಅಜ್ಜಿ ಮೊಮ್ಮಗಳು ಚಪ್ಪಲಿ ಬಿಟ್ಟರು. ಅಲ್ಲಿ ಯಾರೂ ಚಪ್ಪಲಿ ಬಿಡಬೇಕಾಗಿರಲಿಲ್ಲ. ನನ್ನ ಶೂಗಳನ್ನೂ ಪಕ್ಕದಲ್ಲಿಟ್ಟೆ.

ಒಳಗೊಂದು ಮೇಜು. ತಾಮ್ರ, ಕಬ್ಬಿಣ, ಗಾಜು, ಮರದ ಕಡ್ಡಿಗಳಲ್ಲಿ ಶಾಖ ಹೇಗೆ ಹರಿಯುತ್ತದೆಂದು ತೋರಿಸುವ ಏರ್ಪಾಡು. ನಾನು ಅಭ್ಯಾಸಬಲದಿಂದ "ಥರ್ಮಲ್ ಕಂಡಕ್ಟಿವಿಟಿ" ಎಂದು ಶುರುಮಾಡಿದೆ. ಚೈತ್ರಳ ಮುಖ ಬಾಡಿತು. ತಡವರಿಸಿ ಅಜ್ಜಿಯ ಕಡೆ ತಿರುಗಿದೆ: "ನಿಮ್ಮ ಇಸ್ತ್ರಿಪೆಟ್ಟಿಗೆ ಹಿತ್ತಾಳೇದು. ಹಿಡಿ ಮಾತ್ರ ಯಾಕೆ ಮರದ್ದು?"

"ಒಳ್ಳೆ ಕತೆ! ಅದೂ ಹಿತ್ತಾಳೆ ಆದ್ರೆ ಕೈ ಉಳಿಯುತ್ತಾ ಸಾರ್?" ಎಂದು ನಕ್ಕು, ಅಂಗೈಯ ಹಳೆಯ ಸುಟ್ಟ ಕಲೆ ತೋರಿಸಿದರು. ಆಮೇಲೆ ಮೇಜಿನ ಕಡ್ಡಿಗಳತ್ತ ಕೈ ಮಾಡಿದರು: "ತಾಮ್ರ ಮೊದ್ಲು ಸುಡುತ್ತೆ, ಆಮೇಲೆ ಕಬ್ಣ. ಮರದ್ದು ಸುಮ್ನೆ ಹಿಡ್ಕೊಳಿ, ಏನೂ ಆಗಲ್ಲ."

ಪಕ್ಕದಲ್ಲಿದ್ದ ಮಕ್ಕಳು ಮುಟ್ಟಿ ನೋಡಿದರು. ಅವರು ಹೇಳಿದ ಹಾಗೆಯೇ ಆಯಿತು. ಆಮೇಲೆ ಪ್ರಶ್ನೆಗಳೋ ಪ್ರಶ್ನೆಗಳು. ಇಸ್ತ್ರಿಪೆಟ್ಟಿಗೆಯ ಮೇಲೆ ಚಿಮುಕಿಸಿದ ನೀರಿನ ಸದ್ದು ಕೇಳಿಯೇ ರೇಷ್ಮೆಗೆಷ್ಟು ಕಾವು, ಹತ್ತಿಗೆಷ್ಟು ಎಂದು ತಿಳಿಯುವುದನ್ನು ಮುನಿಯಮ್ಮ ಅರ್ಧ ಗಂಟೆ ವಿವರಿಸಿದರು. ಚೈತ್ರ ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದಳು: "ಇವ್ರು ನಮ್ಮಜ್ಜಿ!" ನಾನು ಕೆಲಸವಿಲ್ಲದೆ ಕಂಬಕ್ಕೊರಗಿ ನಿಂತಿದ್ದೆ.

ಮಂಡಿನೋವು ಹೆಚ್ಚಾಗಿ ಮುನಿಯಮ್ಮ ಮಗಳ ಮನೆಗೆ ಹೋಗುವವರೆಗೂ ಎಷ್ಟೋ ಭಾನುವಾರ ಬಂದು ಆ ಮೇಜಿನ ಬಳಿ ನಿಂತರು. ಬೋರ್ಡು ಕನ್ನಡಕ್ಕೆ ಬಂತು. ಕಡ್ಡಿ, ಮಸೂರಗಳನ್ನೆಲ್ಲ ಆಟೋದಲ್ಲಿ ಹೇರಿಕೊಂಡು ನಾವೇ ಪುಟ್ಟೇನಹಳ್ಳಿಯ ಗಲ್ಲಿಗಳಿಗೆ ಹೋಗತೊಡಗಿದೆವು. ಕೆಲವು ವಾರ ಒಬ್ಬರೂ ಬರುತ್ತಿರಲಿಲ್ಲ. ಆಗ ಜನರನ್ನು ಬೈಯುವುದನ್ನು ಬಿಟ್ಟು, ಮನೆಮನೆಗೆ ಹೋಗಿ ಕರೆದೆವು.

ಈಗ ನಾನು ನಿವೃತ್ತ. ಭಾನುವಾರ ಸುಮ್ಮನೆ ಹೋಗುತ್ತೇನೆ. ಮೊನ್ನೆ ಪುಟ್ಟೇನಹಳ್ಳಿಯ ಗಾರೆಕೆಲಸದವರೊಬ್ಬರು ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಂದಿದ್ದರು. ನೀರು ತುಂಬಿದ ಬಾಗಿದ ಕೊಳವೆಯ ಮುಂದೆ ನಿಂತರು. ನನ್ನ ನಾಲಿಗೆ ತುದಿಯಲ್ಲಿ ಪಾಠವೆಲ್ಲ ಸಿದ್ಧವಿತ್ತು. ನುಂಗಿಕೊಂಡೆ.

"ಅಣ್ಣ, ಗೋಡೆ ಕಟ್ಟುವಾಗ ನೀವು ಮಟ್ಟ ಹೇಗೆ ನೋಡ್ತೀರಾ?"

ಅವರು ಹೆಂಡತಿಯ ಕಡೆ ನೋಡಿ ನಾಚಿ ನಕ್ಕರು. ಆಮೇಲೆ ಕೊಳವೆಯ ಒಂದು ತುದಿಯನ್ನು ಮೇಲಕ್ಕೆತ್ತಿ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುವುದನ್ನು ಮಕ್ಕಳಿಗೆ ತೋರಿಸತೊಡಗಿದರು. ನಾನು ಹಿಂದೆ ಸರಿದು ಅವರ ಹೆಣ್ಣುಮಕ್ಕಳ ಪಕ್ಕ ನೆಲದ ಮೇಲೆ ಕುಳಿತೆ.