ಲಾಲಪ್ಪನ ಬಾಯಿ, ನನ್ನ ಮೂಗು

ಡಿಪ್ಲೊಮಾ ಮುಗಿಸಿ ಕೋಥರೂಡದ ಕಟ್ಟಡವೊಂದಕ್ಕೆ ಸೂಪರ್‌ವೈಸರ್ ಆಗಿ ಬಂದೆ. ಕಂಪನಿ ನನ್ನ ತಲೆಗೆ ಕೆಲಸ ಕೊಡಲಿಲ್ಲ, ಮೂಗಿಗೆ ಕೊಟ್ಟಿತು. ಬೆಳಿಗ್ಗೆ ಲಾಲಪ್ಪನ ಬಾಯಿ ಮೂಸುವುದೇ ನನ್ನ ಮೊದಲ ಕೆಲಸ.

ಲಾಲಪ್ಪ ಆಳಂದದ ಕಡೆಯ ಗೌಂಡಿ, ಹೊರಗೋಡೆಯ ಪ್ಲಾಸ್ಟರಿನಲ್ಲಿ ಪಳಗಿದ ಕೈ. ಕುಡಿತ ಬಿಡಿಸುವ ಕೇಂದ್ರದಿಂದ ಬಂದು ವರ್ಷವಾಗಿತ್ತು, ಹೆಂಡ ಮುಟ್ಟಿರಲಿಲ್ಲ. ಆದರೂ ಆಳುಗಳನ್ನು ನಡೆಸುವ ಮುಕಾದಮ ಧರ್ಮರಾಜ ಅವನನ್ನು ಗೋಡೆಗೆ ಕಟ್ಟಿದ ಸಾರುವೆ ಹತ್ತಲು ಬಿಡುತ್ತಿರಲಿಲ್ಲ. "ಕುಡುಕರ ಕಾಲು ಯಾವಾಗರ ಜಾರ್ತಾವ್ರಿ" ಎಂದು ಕೈಗೆ ಪೈಪು ಕೊಟ್ಟು ಗೋಡೆಗೆ ನೀರು ಹೊಡೆಯಲು ಹಚ್ಚಿದ್ದ.

ಒಂದು ಸೋಮವಾರ ನಾನು ಮೂಗು ಚಾಚಿದಾಗ ಲಾಲಪ್ಪ ಹಿಂದೆ ಸರಿದ.

"ಸಾಹೇಬ್ರ, ನಾ ನಿಂದ್ರೂದು ನೆಲದ ಮ್ಯಾಲ. ಸಾರುವೆ ಹತ್ತಾವ್ರು ಅವರು. ಮದ್ಲ ಅವರ ಬಾಯಿ ಮೂಸ್ರಿ."

"ನಿನ್ನೆ ಐತವಾರ ಇತ್ತಲ್ಲೋ" ಅಂದ ಧರ್ಮರಾಜ. "ಸುಮ್ನ ಯಾಕ ಮಂದಿ ಬಾಯಿ ಬಿಡಸ್ತಿ?"

ಲಾಲಪ್ಪನ ಮಾತು ಸರಿಯಾಗಿಯೇ ಇತ್ತು. ಅಷ್ಟು ದಿನ ನನಗೆ ಹೊಳೆದಿರಲಿಲ್ಲ, ಡಿಪ್ಲೊಮಾದಲ್ಲಿ ಆ ಪಾಠ ಇರಲಿಲ್ಲ. ಎಲ್ಲರನ್ನೂ ಸಾಲಾಗಿ ಮೂಸಿದೆ. ಹೊರಗೋಡೆಯ ಇಬ್ಬರು ಗೌಂಡಿಗಳೂ ರಾತ್ರಿಯ ವಾಸನೆ ಹೊತ್ತಿದ್ದರು. ನಾನೋ ಏಲಕ್ಕಿ ಅಗಿಯುತ್ತಿದ್ದೆ, ಕಾರಣ ಕೇಳಬೇಡಿ. ಅವರಿಬ್ಬರನ್ನು ಕೆಳಗೇ ನಿಲ್ಲಿಸಿದೆ. ಸಿಮೆಂಟು ಕಲಸಿ ಆಗಿತ್ತು, ಬಿಟ್ಟರೆ ಕಲ್ಲಾಗುತ್ತದೆ. ಧರ್ಮರಾಜ ಸಿಮೆಂಟನ್ನೊಮ್ಮೆ, ಲಾಲಪ್ಪನನ್ನೊಮ್ಮೆ ನೋಡಿ "ಹತ್ತಪಾ" ಅಂದ.

ಲಾಲಪ್ಪ ಸೊಂಟಕ್ಕೆ ಬೆಲ್ಟು ಬಿಗಿದು, ಪೈಪನ್ನು ಧರ್ಮರಾಜನ ಕೈಗೇ ಕೊಟ್ಟು ಹತ್ತಿದ. ಸಂಜೆಗೆ ಗೋಡೆ ನುಣ್ಣಗಾಗಿತ್ತು.

"ನಾಳೆನೂ ನೀನ ಹತ್ತು" ಅಂದ ಧರ್ಮರಾಜ.

"ಹತ್ತತೇನಿ. ಆದ್ರ ದಿನಾ ಎಲ್ಲಾರೂ ಊದಬೇಕು. ಸಾಹೇಬ್ರೂ."

ಈಗ ಬೆಳಿಗ್ಗೆ ಸಾಲಿನಲ್ಲಿ ಮೊದಲು ನಿಲ್ಲುವವನು ನಾನು, ನನ್ನನ್ನು ಮೂಸುವವನು ಲಾಲಪ್ಪ. ಭಾನುವಾರ ನಾನು ಮಜ್ಜಿಗೆ ಕುಡಿಯುತ್ತೇನೆ.