ಚೀಟಿ ಇಲ್ಲದ ಕಡಿತ

ಮಹದೇವಪುರದ ಆ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸ್ಟೋರ್ ಕ್ಲರ್ಕ್ ಮಹಾನಂದಾಳ ಹೆಸರೆತ್ತಿದರೆ ಮುಖ ಸಿಂಡರಿಸದವರಿಲ್ಲ. ಸಾಮಾನು ಬೇಕೆಂದು ಬರೆದ ಇಂಡೆಂಟ್ ಚೀಟಿ ಇಲ್ಲದೆ ಅವಳು ಒಂದು ನಟ್ಟನ್ನೂ ಕಿಟಕಿಯಾಚೆ ಬಿಡುವವಳಲ್ಲ. ಒಮ್ಮೆ ಮ್ಯಾನೇಜರೇ ಕೈಬೀಸಿಕೊಂಡು ಬಂದು ಗ್ರೀಸ್ ಡಬ್ಬಿ ಕೇಳಿದಾಗ, "ಚೀಟಿ ಎಲ್ಲೈತ್ರಿ ಸಾರ್?" ಎಂದು ಬರಿಗೈಯಲ್ಲಿ ವಾಪಸ್ ಕಳಿಸಿದ್ದಳು. ಸಿಂದಗಿಯಿಂದ ಬಂದು, ಪ್ಯಾಕಿಂಗ್ ಸಾಲಿನಲ್ಲಿ ಐದು ವರ್ಷ ನಿಂತು, ಸಂಜೆ ಕಾಲೇಜಿನಲ್ಲಿ ಓದಿ ಹಿಡಿದ ಕುರ್ಚಿ ಅದು. ಯಾರಿಗಾಗಿಯೂ ಬಿಟ್ಟುಕೊಡುವ ಮಾತೇ ಇರಲಿಲ್ಲ.

ಇಂಥ ಗಟ್ಟಿಗಿತ್ತಿ ಒಂದೇ ಒಂದು ಸಲ ಓದದೆ ಸಹಿ ಹಾಕಿದ್ದಳು. ಕ್ಯಾಂಟೀನಿನಲ್ಲಿ ದಿನಾ ಜೊತೆಗೆ ಕೂತು ಉಣ್ಣುತ್ತಿದ್ದ ಭಾಗ್ಯಮ್ಮ ಒಂದು ಅರ್ಜಿ ಚಾಚಿ, "ಸುಮ್ನೆ ಒಂದು ಸೈನ್ ಕಣಕ್ಕ, ಫಾರ್ಮಾಲಿಟಿಗೆ" ಅಂದಿದ್ದಳು. ಮಹಾನಂದಾ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಲೇ ಗೀಚಿದಳು. ಅದು ಸಾಲಕ್ಕೆ ಜಾಮೀನು. ಭಾಗ್ಯಮ್ಮ ಕೆಲಸ ಬಿಟ್ಟಳು, ಕಂತು ಬಿಟ್ಟಳು, ಫೋನ್ ಎತ್ತುವುದನ್ನೂ ಬಿಟ್ಟಳು. ಕೋರ್ಟಿನ ನೋಟಿಸು ಮಹಾನಂದಾಳ ಹಳೆಯ ರೂಮಿನ ವಿಳಾಸಕ್ಕೆ ಹೋಗಿ ಅಲ್ಲೇ ಉಳಿಯಿತು.

ಎರಡು ತಿಂಗಳಿಂದ ಹತ್ತೊಂಬತ್ತು ಸಾವಿರದ ಸಂಬಳದಲ್ಲಿ ಅರ್ಧವೇ ಕೈಗೆ ಬರುತ್ತಿತ್ತು. ಆಫೀಸಿನಲ್ಲಿ ಕೇಳಿದರೆ "ಕೋರ್ಟ್ ಆರ್ಡರ್" ಎಂಬ ಎರಡೇ ಮಾತು. ಕಾಡುಗೋಡಿಯ ಮನೆ ಬಾಡಿಗೆ ಕೊಟ್ಟ ಮೇಲೆ ಮಗಳ ಶಾಲೆಯ ವ್ಯಾನು ನಿಂತಿತು. ಭಾಗ್ಯಮ್ಮನ ಮೇಲೆ ಸಿಟ್ಟು ಉಕ್ಕಿ ಬರುತ್ತಿತ್ತು. ಅದಕ್ಕಿಂತ ಹೆಚ್ಚು ತನ್ನ ಮೇಲೆಯೇ.

ಇವತ್ತು ಎಚ್‌ಆರ್ ಸಿದ್ದಾರ್ಥ್ ಅವಳನ್ನು ಒಳಗೆ ಕರೆದು ಒಂದು ಹಾಳೆ ಮುಂದಿಟ್ಟ. ಅವಳದೇ ರಾಜೀನಾಮೆ, ಟೈಪಾಗಿ ಸಿದ್ಧವಾಗಿತ್ತು.

"ಕೋರ್ಟ್ ಲೆಟರ್ ಬಂದವರನ್ನ ಕಂಪನಿ ಇಟ್ಕೊಳ್ಳಲ್ಲ ಮೇಡಂ. ಸೈನ್ ಮಾಡ್ಬಿಡಿ, ನೀಟಾಗಿ ಸೆಟಲ್ ಮಾಡ್ತೀವಿ. ನಾವೇ ತೆಗೆದ್ರೆ ಇನ್ನೆಲ್ಲೂ ಕೆಲ್ಸ ಸಿಗಲ್ಲ, ನೋಡಿ."

ಅವನೇ ಪೆನ್ನಿನ ಮುಚ್ಚಳ ತೆಗೆದುಕೊಟ್ಟ. ಸಹಿ ಹಾಕಿದರೆ ಒಂಬತ್ತು ವರ್ಷದ ಕೆಲಸ ಮುಗಿಯಿತು. ಹಾಕದಿದ್ದರೆ ಏನಾಗುತ್ತದೋ ಗೊತ್ತಿಲ್ಲ. ಪೆನ್ನು ಹಾಳೆಯ ಹತ್ತಿರ ಹೋಯಿತು, ನಿಂತಿತು.

"ಕೋರ್ಟಿನ ಕಾಗದ ಮೊದಲ ತೋರಸ್ರಿ."

"ಅದು ಆಫೀಸ್ ಕಾಪಿ."

"ಪಗಾರ ನಂದಲ್ರಿ? ಚೀಟಿ ನೋಡಲಾರದ ನಾ ಒಂದು ಬೋಲ್ಟ್ ಸೈತ ಕೊಡಂಗಿಲ್ಲ."

ಸಿದ್ದಾರ್ಥ್ ಗೊಣಗಿಕೊಂಡೇ ಫೈಲಿನಿಂದ ಹಾಳೆ ಎಳೆದ. ಅವಳು ನಿಧಾನವಾಗಿ, ಬೆರಳಿಟ್ಟು ಓದಿದಳು. ಅವನು ಎರಡು ಸಲ ಗಡಿಯಾರ ನೋಡಿದ. ಮೊದಲ ಸಾವಿರ ಬಿಟ್ಟು, ಉಳಿದ ಸಂಬಳದ ಮೂರನೇ ಒಂದು ಭಾಗ ಮಾತ್ರ ಹಿಡಿಯಬೇಕು ಎಂದಿತ್ತು. ಹದಿನೆಂಟು ಸಾವಿರದಲ್ಲಿ ಮೂರನೇ ಒಂದು ಆರು. ಇವರು ಹಿಡಿದದ್ದು ಒಂಬತ್ತೂವರೆ.

"ತಿಂಗಳಿಗೆ ಮೂರೂವರೆ ಸಾವಿರ ಜಾಸ್ತಿ ಹಿಡದೀರಿ ಸಾರ್. ಅರ್ಧ ಅಂತ ಇದರಾಗ ಎಲ್ಲೈತಿ?"

ಸಿದ್ದಾರ್ಥ್ ಬಾಗಿ ನೋಡಿದ. ಅವನ ಕಿವಿ ಕೆಂಪಾಯಿತು. "ಸಿಸ್ಟಮ್ಮಲ್ಲಿ ಯಾರೋ ಹಂಗೆ ಹಾಕ್ಬಿಟ್ಟಿದ್ದಾರೆ…"

"ನನ್ನ ತೆಗೀರಿ ಅಂತಾದ್ರೂ ಎಲ್ಲೈತಿ?"

ಅವನು ಕೋರ್ಟಿನ ಹಾಳೆಯನ್ನು ಮತ್ತೆ ಫೈಲಿಗೆ ಸೇರಿಸಿದ.

"ಆರು ಸಾವಿರ ಹಿಡೀರಿ. ನಾ ಸಹಿ ಮಾಡೀನಿ, ನಾನ ತುಂಬತೀನಿ. ತೆಗೀಬೇಕಂದ್ರ ಕಾರಣ ಬರದು ಕೊಡ್ರಿ, ನಾನೂ ಲೇಬರ್ ಆಫೀಸಿಗೆ ಬರದು ಕೊಡತೀನಿ."

ರಾಜೀನಾಮೆಯ ಹಾಳೆಯನ್ನು ತಿರುಗಿಸಿ, ಅದರ ಬೆನ್ನಿಗೇ ಬರೆದಳು: ಹೆಚ್ಚಾಗಿ ಹಿಡಿದ ಏಳು ಸಾವಿರ ಈ ಸಂಬಳದಲ್ಲಿ ವಾಪಸ್; ಕೆಲಸ ಮುಂದುವರಿಯುತ್ತದೆ. ಬರೆದು ಅವನ ಮುಂದೆ ತಳ್ಳಿದಳು. ಬೆವರಿದ ಮುಖ ಒರೆಸಿಕೊಂಡು, ಒಮ್ಮೆ ಈ ತಲೆನೋವು ಮುಗಿದರೆ ಸಾಕೆಂದು, ಸಿದ್ದಾರ್ಥ್ ನೋಡದೆಯೇ ಪೆನ್ನು ಹಾಳೆಗಿಟ್ಟ.

ಮಹಾನಂದಾ ಅಂಗೈಯಿಂದ ಕಾಗದ ಮುಚ್ಚಿದಳು.

"ಓದಿ ಸಹಿ ಮಾಡ್ರಿ ಸಾರ್. ನಾ ಒಮ್ಮೆ ಓದಲಾರದ ಮಾಡಿದ್ದೆ."